ಎಫ್‌ಎಸ್‌ಎಲ್ ವರದಿ ಇಲ್ಲದ ಚಾರ್ಜ್‌ಶೀಟ್: ಡ್ರಗ್ಸ್ ಕೇಸಿನಲ್ಲಿ ಡೀಫಾಲ್ಟ್ ಬೇಲ್ ಕೇಳುವುದು ಹೇಗೆ?

"ಸಾರ್, ಚಾರ್ಜ್‌ಶೀಟ್ ಹಾಕಿದ್ದಾರಂತೆ. ಆದ್ರೆ ಎಫ್‌ಎಸ್‌ಎಲ್ ರಿಪೋರ್ಟ್ ಇಲ್ವಂತೆ. ಹಾಗಾದ್ರೆ ಬೇಲ್ ಆಗೇ ಆಗುತ್ತೆ ಅಲ್ವಾ?"

ಡ್ರಗ್ಸ್ ಕೇಸಿನಲ್ಲಿ ಒಳಗಿರುವ ಹುಡುಗನ ಅಣ್ಣನೋ ಅಪ್ಪನೋ ಕೋರ್ಟ್ ವರಾಂಡದಲ್ಲಿ ಕೇಳುವ ಪ್ರಶ್ನೆ ಇದು. (ಎಫ್‌ಎಸ್‌ಎಲ್ ರಿಪೋರ್ಟ್ ಅಂದರೆ ಸಿಕ್ಕ ವಸ್ತು ಏನು ಅಂತ ವಿಧಿವಿಜ್ಞಾನ ಪ್ರಯೋಗಾಲಯ ಕೊಡುವ ವರದಿ.) ಜೈಲಿನಲ್ಲಿ ಪಕ್ಕದ ಬ್ಯಾರಕ್ಕಿನವನು ಹೇಳಿರುತ್ತಾನೆ, ಇಲ್ಲವೇ ಯಾವುದೋ ವಿಡಿಯೋದಲ್ಲಿ ಕೇಳಿರುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ: "ಮೊದಲು ತಾರೀಕು ಹೇಳಿ. ರಿಮಾಂಡ್ ಆಗಿದ್ದು ಯಾವತ್ತು?"

ಯಾಕೆಂದರೆ ವರದಿ ಇಲ್ಲ ಎಂಬ ವಾದವನ್ನು ಕೋರ್ಟ್ ಒಪ್ಪಬಹುದು, ಒಪ್ಪದೆಯೂ ಇರಬಹುದು. ಆದರೆ ದಿನ ಮುಗಿದಿದೆ, ಚಾರ್ಜ್‌ಶೀಟೇ ಬಂದಿಲ್ಲ, ಅರ್ಜಿ ಹಾಕಿದ್ದೀರಿ ಅಂದರೆ ಕೋರ್ಟಿಗೆ ಬಿಡುಗಡೆ ಬಿಟ್ಟು ಬೇರೆ ದಾರಿ ಇಲ್ಲ. ಅದಕ್ಕೇ ಈ ಬರಹ ಕ್ಯಾಲೆಂಡರಿನಿಂದ ಶುರುವಾಗುತ್ತದೆ. ಲ್ಯಾಬಿನ ಕಡೆಗೆ ಆಮೇಲೆ ಹೋಗೋಣ.

ಡೀಫಾಲ್ಟ್ ಬೇಲ್ ಅಂದರೆ ಏನು

ಒಬ್ಬರನ್ನು ಒಳಗಿಟ್ಟುಕೊಂಡು ತನಿಖೆ ಮಾಡಲು ಪೊಲೀಸರಿಗೆ ಕಾನೂನು ಇಂತಿಷ್ಟು ದಿನ ಅಂತ ಕೊಟ್ಟಿದೆ. ಅಷ್ಟರೊಳಗೆ ಚಾರ್ಜ್‌ಶೀಟ್ (ಕೋರ್ಟಿನ ಭಾಷೆಯಲ್ಲಿ ಅಂತಿಮ ವರದಿ) ಹಾಕದಿದ್ದರೆ ಆರೋಪಿ ಜಾಮೀನು ಕೇಳಬಹುದು. ಕೇಸು ಎಷ್ಟು ಗಟ್ಟಿ, ಎಷ್ಟು ಕೆ.ಜಿ. ಸಿಕ್ಕಿತು, ಹಿಂದೆ ಕೇಸು ಇತ್ತಾ ಎಂಬುದನ್ನೆಲ್ಲ ಆಗ ಕೋರ್ಟ್ ನೋಡುವುದಿಲ್ಲ. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 167(2)ನೇ ಕಲಂ. 2024ರ ಜುಲೈ 1ರಿಂದ, ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 187(3).

ಡ್ರಗ್ಸ್ ಕೇಸುಗಳಿಗೆ ಇರುವ ಎನ್‌ಡಿಪಿಎಸ್ ಕಾಯ್ದೆಯ 37ನೇ ಕಲಂ ಬೇಲಿಗೆ ದೊಡ್ಡ ಅಡ್ಡಗೋಡೆ ಅನ್ನುವುದು ಎಲ್ಲರಿಗೂ ಗೊತ್ತು. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಇರಬೇಕು, ಹೊರಗೆ ಬಂದು ಮತ್ತೆ ತಪ್ಪು ಮಾಡುವುದಿಲ್ಲ ಅಂತಲೂ ಕೋರ್ಟಿಗೆ ಅನ್ನಿಸಬೇಕು. ಆದರೆ ಈ ಗೋಡೆ ಡೀಫಾಲ್ಟ್ ಬೇಲಿಗೆ ಅಡ್ಡ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಡ್ರಗ್ಸ್ ಕೇಸಿನಲ್ಲಿ ಡೀಫಾಲ್ಟ್ ಬೇಲಿಗೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ಹೆಜ್ಜೆ 1: ನಿಮ್ಮ ಕೇಸಿಗೆ ಎಷ್ಟು ದಿನ?

ಇದು ಸಿಕ್ಕ ಮಾಲಿನ ತೂಕದ ಮೇಲೆ ನಿಂತಿದೆ. ಎನ್‌ಡಿಪಿಎಸ್ 36ಎ(4) ಪ್ರಕಾರ ವಾಣಿಜ್ಯ ಪ್ರಮಾಣದ ಕೇಸಿಗೆ 180 ದಿನ. 19, 24, 27ಎ ಕಲಂಗಳಿಗೂ 180 ದಿನವೇ.

ವಾಣಿಜ್ಯ ಪ್ರಮಾಣ ಅಂದರೆ ಗಾಂಜಾ 20 ಕೆ.ಜಿ. ಮೀರಬೇಕು. ಚರಸ್ 1 ಕೆ.ಜಿ., ಹೆರಾಯಿನ್ 250 ಗ್ರಾಂ, ಕೊಕೇನ್ 100 ಗ್ರಾಂ. ಬೆಂಗಳೂರಿನ ಕೇಸುಗಳಲ್ಲಿ ಪದೇ ಪದೇ ಕಾಣುವ ಎಂಡಿಎಂಎಗೆ ಬರೀ 10 ಗ್ರಾಂ. ಎಲ್‌ಎಸ್‌ಡಿಗೆ 0.1 ಗ್ರಾಂ ಅಷ್ಟೇ! ಸ್ಟ್ರಿಪ್ಪಿನ ಕಾಗದದ ತೂಕ, ಪುಡಿಗೆ ಬೆರೆಸಿದ ಬೇರೆ ವಸ್ತುವಿನ ತೂಕ ಬಿಡಬೇಕಲ್ವಾ ಅಂತ ಕೇಳುತ್ತಾರೆ. 2020ರ ಹೀರಾ ಸಿಂಗ್ ತೀರ್ಪು ಬಂದ ಮೇಲೆ ಮಿಶ್ರಣದ ಒಟ್ಟು ತೂಕವೇ ಲೆಕ್ಕ. ಕಾಗದದ ವಿಷಯದಲ್ಲಿ ವಕೀಲರು ಇನ್ನೂ ಗುದ್ದಾಡುತ್ತಾರೆ, ಅದು ಬೇರೆ ಕಥೆ.

ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆ, ಸಣ್ಣ ಪ್ರಮಾಣಕ್ಕಿಂತ ಜಾಸ್ತಿ ಇದ್ದರೆ ಅದು ಮಧ್ಯಮ ಪ್ರಮಾಣ. ಉದಾಹರಣೆಗೆ 12 ಕೆ.ಜಿ. ಗಾಂಜಾ. ಇದಕ್ಕೆ ಶಿಕ್ಷೆ "10 ವರ್ಷದವರೆಗೆ". ಕನಿಷ್ಠ 10 ವರ್ಷ ಅಂತ ಇಲ್ಲ. 2017ರ ರಾಕೇಶ್ ಕುಮಾರ್ ಪಾಲ್ ತೀರ್ಪಿನ ಪ್ರಕಾರ ಇಂಥ ಕೇಸಿಗೆ 60 ದಿನವೇ ಗಡುವು, 90 ಅಲ್ಲ. ಹೊಸ ಕಾನೂನಿನಲ್ಲಿ ಇಲ್ಲಿ ಪದಗಳು ಸ್ವಲ್ಪ ಬದಲಾಗಿವೆ. ಅದನ್ನೇ ಹಿಡಿದು ಸರ್ಕಾರಿ ವಕೀಲರು 90 ಅನ್ನಬಹುದು. ಈ ತೀರ್ಪನ್ನು ಕೈಯಲ್ಲಿ ಇಟ್ಟುಕೊಂಡೇ ಹೋಗಿ.

ಡ್ರಗ್ಸ್ ಕೇಸು ಅಂದ ಕೂಡಲೇ ಎಲ್ಲದಕ್ಕೂ 180 ದಿನ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೆಲವು ವಕೀಲರೂ ಸಹ. ಮಧ್ಯಮ ಪ್ರಮಾಣದ ಕೇಸಿನಲ್ಲಿ 61ನೇ ದಿನ ಬಂದು ಹೋಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. 75ನೇ ದಿನ ಚಾರ್ಜ್‌ಶೀಟ್ ಬರುತ್ತದೆ. ಅಲ್ಲಿಗೆ ಹಕ್ಕು ಹೋಯಿತು.

ಎಫ್‌ಐಆರ್‌ನಲ್ಲಿ 27ಎ ಇದೆಯಾ ನೋಡಿ. ಡ್ರಗ್ಸ್ ದಂಧೆಗೆ ಹಣ ಹೂಡಿದ, ಆರೋಪಿಗಳಿಗೆ ಆಶ್ರಯ ಕೊಟ್ಟ ಆರೋಪಕ್ಕೆ ಇರುವ ಕಲಂ ಅದು. ಅದೊಂದು ಸೇರಿದರೆ ಮಾಲು ಎಷ್ಟೇ ಕಡಿಮೆ ಇದ್ದರೂ ಗಡುವು 180ಕ್ಕೆ ಹೋಗುತ್ತದೆ. ಸುಮ್ನೆ ಸೇರಿಸಿದ್ದಾರೆ ಅನ್ನಿಸಿದರೆ ಅದನ್ನೇ ಪ್ರಶ್ನೆ ಮಾಡಬೇಕು.

ಹೆಜ್ಜೆ 2: ದಿನ ಎಣಿಸಿ. ಬೆರಳಿನಲ್ಲಲ್ಲ, ಕಾಗದದ ಮೇಲೆ

ಎಣಿಕೆ ಶುರುವಾಗುವುದು ಹಿಡಿದ ದಿನದಿಂದ ಅಲ್ಲ, ಮ್ಯಾಜಿಸ್ಟ್ರೇಟ್ ಮೊದಲ ಸಲ ರಿಮಾಂಡ್ ಕೊಟ್ಟ ದಿನದಿಂದ. ಆ ರಿಮಾಂಡ್ ದಿನವೂ ಲೆಕ್ಕಕ್ಕೆ ಸೇರುತ್ತದೆ. ಈ ಗೊಂದಲ ವರ್ಷಾನುಗಟ್ಟಲೆ ಇತ್ತು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು.

ಒಂದು ಲೆಕ್ಕ ಮಾಡಿಯೇ ನೋಡೋಣ. ಹುಡುಗನನ್ನು 2025ರ ಮಾರ್ಚ್ 2ರ ಭಾನುವಾರ ಸಂಜೆ ಹಿಡಿದರು. ಮಾರ್ಚ್ 3, ಸೋಮವಾರ ರಿಮಾಂಡ್ ಆಯಿತು. ಮಾರ್ಚ್‌ನಲ್ಲಿ 29 ದಿನ, ಏಪ್ರಿಲ್‌ನಲ್ಲಿ 30, ಒಟ್ಟು 59. ಮೇ 1ಕ್ಕೆ 60 ತುಂಬಿತು. ಅವತ್ತು ಕಾರ್ಮಿಕರ ದಿನಾಚರಣೆಯ ರಜೆ. ರಜೆ ಇತ್ತು ಅಂತ ಪೊಲೀಸರಿಗೆ ಒಂದು ದಿನ ಜಾಸ್ತಿ ಸಿಗುವುದಿಲ್ಲ. ಮೇ 2ರ ಶುಕ್ರವಾರ ಬೆಳಿಗ್ಗೆ ಅರ್ಜಿ ಹಾಕಬಹುದು. 180 ದಿನದ ಕೇಸಾದರೆ ಮೇ ಮುಗಿದಾಗ 90, ಜೂನ್‌ಗೆ 120, ಜುಲೈಗೆ 151. ಆಗಸ್ಟ್ 29ಕ್ಕೆ 180. ಅರ್ಜಿಯ ದಿನ ಆಗಸ್ಟ್ 30, ಶನಿವಾರ. ಐದನೇ ಶನಿವಾರ, ಕೋರ್ಟ್ ಇರುತ್ತದೆ.

ತಿಂಗಳ ಲೆಕ್ಕ ಹಾಕಬೇಡಿ. "ಆರು ತಿಂಗಳು" ಅಂದುಕೊಂಡರೆ ಸೆಪ್ಟೆಂಬರ್ 3 ಆಗುತ್ತದೆ. ನಾಲ್ಕು ದಿನ ಕೈಬಿಟ್ಟಿರುತ್ತೀರಿ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದಿರುತ್ತದೆ. ಒಂದು ದಿನ ಮುಂಚೆಯೂ ಹಾಕಬೇಡಿ, ಅವಧಿ ಇನ್ನೂ ಇದೆ ಅಂತ ವಾಪಸ್ ಕಳಿಸುತ್ತಾರೆ.

ಹೆಜ್ಜೆ 3: ಆರ್ಡರ್ ಶೀಟ್ ತೆಗೆಸಿ

180 ದಿನ ಮುಗಿಯುವ ಮುಂಚೆ ಅವಧಿ ವಿಸ್ತರಿಸಿ ಅಂತ ಸರ್ಕಾರದ ಕಡೆಯವರು ಕೇಳಬಹುದು. ಒಟ್ಟು ಒಂದು ವರ್ಷದವರೆಗೆ ವಿಸ್ತರಿಸುವ ಅಧಿಕಾರ ವಿಶೇಷ ಕೋರ್ಟಿಗೆ ಇದೆ. ಇದು ವಾಣಿಜ್ಯ ಪ್ರಮಾಣ ಮತ್ತು ಆ ಮೂರು ಕಲಂಗಳ ಕೇಸಿಗೆ ಮಾತ್ರ. 60 ದಿನದ ಕೇಸಿಗೆ ಇಲ್ಲ.

ಅದಕ್ಕೇ 170ನೇ ದಿನದ ಹೊತ್ತಿಗೆ ಆರ್ಡರ್ ಶೀಟಿನ (ಕೋರ್ಟ್ ಆಯಾ ದಿನದ ಆದೇಶ ಬರೆದಿಡುವ ಹಾಳೆ) ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಬೆಂಗಳೂರಿನಲ್ಲಾದರೆ ಸಿಸಿಎಚ್-33 ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯ. ವಿಸ್ತರಣೆಯ ಆದೇಶ ಕಂಡರೆ ನಾಲ್ಕು ವಿಷಯ ನೋಡಬೇಕು. ಕೇಳಿದ್ದು ಯಾರು? ಅದು ಪಬ್ಲಿಕ್ ಪ್ರಾಸಿಕ್ಯೂಟರ್ ಅವರ ವರದಿ ಆಗಿರಬೇಕು. ತನಿಖಾಧಿಕಾರಿಯ ಪತ್ರಕ್ಕೆ ಮೇಲೊಂದು ಸಹಿ ಹಾಕಿ ಕಳಿಸಿದರೆ ಸಾಲದು. ತನಿಖೆ ಎಲ್ಲಿಗೆ ಬಂದಿದೆ, ಇನ್ನೂ ಒಳಗೇ ಇಟ್ಟುಕೊಳ್ಳಬೇಕಾದ ನಿರ್ದಿಷ್ಟ ಕಾರಣ ಏನು ಅಂತ ಬರೆದಿದ್ದಾರಾ? ಆರೋಪಿಗೆ ತಿಳಿಸಿದ್ದರಾ? ಆ ದಿನ ಅವನನ್ನು ಖುದ್ದಾಗಿಯೋ ವಿಡಿಯೋ ಮೂಲಕವೋ ಹಾಜರುಪಡಿಸಿದ್ದರಾ? ಹಾಜರುಪಡಿಸದೆ ಅವಧಿ ವಿಸ್ತರಿಸುವುದು ಬರೀ ತಾಂತ್ರಿಕ ತಪ್ಪಲ್ಲ, ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಗುಜರಾತಿನ ಒಂದು ಕೇಸಿನಲ್ಲಿ ಹೇಳಿದೆ. ಅದು ಸಂಘಟಿತ ಅಪರಾಧದ ಕಾಯ್ದೆಯ ಕೇಸು. ಆದರೂ ತರ್ಕ ಇಲ್ಲಿಗೂ ಹೊಂದುತ್ತದೆ.

ವಿಸ್ತರಣೆ ಕೇಳುವಾಗ ಸಾಮಾನ್ಯವಾಗಿ ಬರೆಯುವ ಕಾರಣವೇ "ಎಫ್‌ಎಸ್‌ಎಲ್ ವರದಿ ಬಾಕಿ ಇದೆ" ಎಂಬುದು. ಇದಕ್ಕೆ ಎದುರು ಹೇಳಲು ಒಂದು ಒಳ್ಳೆಯ ಮಾತಿದೆ. ಡಿಸೆಂಬರ್ 2022ರಲ್ಲಿ ಬಂದ ಎನ್‌ಡಿಪಿಎಸ್ ಜಪ್ತಿ ಮತ್ತು ಸ್ಯಾಂಪಲಿಂಗ್ ನಿಯಮಗಳ ಪ್ರಕಾರ, ಸ್ಯಾಂಪಲ್ ತಲುಪಿದ 15 ದಿನದಲ್ಲಿ ಲ್ಯಾಬ್ ವರದಿ ಕೊಡಬೇಕು. ಪ್ರಮಾಣದ ಪರೀಕ್ಷೆಗೆ ಜಾಸ್ತಿ ಸಮಯ ಬೇಕಿದ್ದರೆ ಇದು ಯಾವ ವಸ್ತು ಎಂಬುದನ್ನಾದರೂ 15 ದಿನದೊಳಗೆ ಹೇಳಬೇಕು, ಉಳಿದದ್ದನ್ನು ಮುಂದಿನ 15 ದಿನದಲ್ಲಿ. ಆರು ತಿಂಗಳಾದರೂ ಬರದ ವರದಿಗಾಗಿ ಇನ್ನೂ ಆರು ತಿಂಗಳು ಒಳಗಿರಬೇಕಾ ಅಂತ ಕೇಳುವ ಹಕ್ಕು ನಿಮಗಿದೆ.

ಹೆಜ್ಜೆ 4: ಚಾರ್ಜ್‌ಶೀಟ್ ಬಂದಿದ್ದರೆ ಪುಟ ತಿರುವಿ

ಚಾರ್ಜ್‌ಶೀಟ್ ಗಡುವಿನೊಳಗೆ ಬಂದಿದೆ, ಲ್ಯಾಬ್ ವರದಿ ಮಾತ್ರ ಇಲ್ಲ ಅಂದುಕೊಳ್ಳಿ. ದಾಖಲೆಗಳ ಪಟ್ಟಿಯ ಕೊನೆಗೆ ಹೋಗಿ. "ಎಫ್‌ಎಸ್‌ಎಲ್ ವರದಿ ಸ್ವೀಕೃತವಾದ ನಂತರ ಸಲ್ಲಿಸಲಾಗುವುದು" ಎಂಬ ಒಂದು ಸಾಲು ಅಲ್ಲಿರುತ್ತದೆ. ನಿಮ್ಮ ವಾದ ಅಲ್ಲಿಂದ ಶುರು.

ಆಮೇಲೆ ಹಿಂದಕ್ಕೆ ಬನ್ನಿ. ಜಪ್ತಿ ಮಹಜರು ಯಾವ ದಿನದ್ದು? 52ಎ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ಎದುರು ಸ್ಯಾಂಪಲ್ ತೆಗೆದದ್ದು ಯಾವತ್ತು? ಲ್ಯಾಬಿನ ಸ್ವೀಕೃತಿ ಪತ್ರದ ಮೇಲೆ ಯಾವ ತಾರೀಕಿನ ಸೀಲಿದೆ? ಈ ಮೂರು ತಾರೀಕನ್ನು ಒಂದರ ಪಕ್ಕ ಒಂದು ಬರೆದುಕೊಳ್ಳಿ. ವಾರದಲ್ಲಿ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್ ಲ್ಯಾಬಿಗೆ ತಲುಪಬೇಕಿದ್ದ ಪೊಟ್ಟಣ ಮೂರು ತಿಂಗಳು ಠಾಣೆಯ ಕಪಾಟಿನಲ್ಲೇ ಇತ್ತು ಅಂತ ಗೊತ್ತಾದರೆ, ತಡ ಆಗಿದ್ದು ಲ್ಯಾಬಿನಿಂದಲ್ಲ ಅಂತ ತೋರಿಸಬಹುದು.

ಸಿಕ್ಕ ವಸ್ತು ಯಾವುದು ಎಂಬುದೂ ಮುಖ್ಯ. ಬಿಳಿ ಪುಡಿಯಾದರೆ ನಿಮ್ಮ ವಾದಕ್ಕೆ ಬಲ ಜಾಸ್ತಿ. ಸ್ಥಳದಲ್ಲಿ ಕಿಟ್ಟಿನ ದ್ರಾವಣ ಹಾಕಿದಾಗ ಬಣ್ಣ ಬದಲಾಯಿತು ಎಂಬುದು ಅಂದಾಜು, ಅಷ್ಟೇ. 12 ಗ್ರಾಂ ಪುಡಿ ಎಂಡಿಎಂಎ ಆದರೆ ವಾಣಿಜ್ಯ ಪ್ರಮಾಣ. ಅದೇ 12 ಗ್ರಾಂ ಆಂಫೆಟಮಿನ್ ಆದರೆ ಮಧ್ಯಮ, ಯಾಕೆಂದರೆ ಅದರ ವಾಣಿಜ್ಯ ಪ್ರಮಾಣ 50 ಗ್ರಾಂ. ಅಂದರೆ ವಸ್ತು ಯಾವುದು ಅಂತ ಲ್ಯಾಬ್ ಹೇಳದೆ ಗಡುವು 180ರದ್ದೋ 60ರದ್ದೋ ಎಂಬುದೇ ಖಚಿತವಿಲ್ಲ! ನನಗೆ ಬಹಳ ಹಿಡಿಸುವ ವಾದ ಇದು. ಕೋರ್ಟುಗಳು ಸಾಮಾನ್ಯವಾಗಿ ಎಫ್‌ಐಆರ್‌ನಲ್ಲಿ ಬರೆದ ಹೆಸರನ್ನೇ ನಂಬಿ ಮುಂದೆ ಹೋಗುತ್ತವೆ. ಆದರೂ ಅರ್ಜಿಯಲ್ಲಿ ಇದನ್ನು ಬರೆಯದೆ ಬಿಡಬೇಡಿ.

ಗಾಂಜಾ ಆದರೆ "ನೋಡಿದರೇ, ಮೂಸಿದರೇ ಗೊತ್ತಾಗುತ್ತದೆ" ಅನ್ನುತ್ತಾರೆ. ಅದಕ್ಕೂ ಉತ್ತರ ಇದೆ. ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂ, ಕಾಯಿ ಇರುವ ತುದಿಗೆ. ತುದಿ ಇಲ್ಲದೆ ಬರೀ ಎಲೆ, ಬೀಜ ಇದ್ದರೆ ಅದು ಗಾಂಜಾ ಅಲ್ಲ.

ವರದಿ ಇಲ್ಲದ ಚಾರ್ಜ್‌ಶೀಟ್ ಪೂರ್ತಿಯೋ, ಅರೆಬರೆಯೋ?

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕೆಂದರೆ ಹೈಕೋರ್ಟುಗಳೇ ಎರಡು ಪಕ್ಷವಾಗಿವೆ.

ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ವಿಭಾಗೀಯ ಪೀಠ 2018ರಲ್ಲಿ, ಎನ್‌ಡಿಪಿಎಸ್ ಕೇಸಿನಲ್ಲಿ ಲ್ಯಾಬ್ ವರದಿ ಇಲ್ಲದ ಚಾರ್ಜ್‌ಶೀಟ್ ಅಪೂರ್ಣ ಎಂದಿತು. ತರ್ಕ ಸರಳ. ಕೊಲೆ ಕೇಸಿನಲ್ಲಿ ಹೆಣ ಕಣ್ಣೆದುರು ಇರುತ್ತದೆ. ಇಲ್ಲಿ ಅಪರಾಧ ನಡೆದಿದೆಯೇ ಎಂಬುದೇ ವಸ್ತು ಏನು ಅನ್ನುವುದರ ಮೇಲೆ ನಿಂತಿದೆ. ಅದನ್ನು ಹೇಳಬೇಕಾದ ಕಾಗದವೇ ಇಲ್ಲ.

ಇನ್ನೊಂದು ಪಕ್ಷದ್ದೂ ಹಳೆಯ ವಾದವೇ. 1951ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೊಲೆ ಕೇಸಿನಲ್ಲಿ, ರಕ್ತ ಪರೀಕ್ಷೆಯ ವರದಿ ಮತ್ತು ಸ್ಥಳದ ನಕ್ಷೆ ಇಲ್ಲದಿದ್ದರೂ ಪೊಲೀಸ್ ವರದಿ ಪೂರ್ತಿಯೇ ಎಂದಿತ್ತು. ದೆಹಲಿ ಹೈಕೋರ್ಟ್ 2020ರಲ್ಲಿ, ಬಾಂಬೆ ಹೈಕೋರ್ಟಿನ ಗೋವಾ ಪೀಠ 2021ರಲ್ಲಿ ಎನ್‌ಡಿಪಿಎಸ್ ಕೇಸಿಗೂ ಇದೇ ದಾರಿ ಹಿಡಿದವು. ವರದಿಯನ್ನು ಆಮೇಲೆ ಹೆಚ್ಚುವರಿ ಚಾರ್ಜ್‌ಶೀಟ್ ಜೊತೆ ಕೊಡಬಹುದು ಎಂಬುದು ಇವರ ನಿಲುವು. ನಮ್ಮ ಕರ್ನಾಟಕ ಹೈಕೋರ್ಟಿನಿಂದಲೂ, ಎಫ್‌ಎಸ್‌ಎಲ್ ವರದಿ ಇಲ್ಲ ಎಂಬ ಒಂದೇ ಕಾರಣಕ್ಕೆ ಡೀಫಾಲ್ಟ್ ಬೇಲ್ ಸಿಗದು ಎಂಬ ಆದೇಶ ಬಂದಿದೆ.

ಈ ಭಿನ್ನಾಭಿಪ್ರಾಯ ಸುಪ್ರೀಂ ಕೋರ್ಟಿಗೆ ಹೋಗಿ, ದೊಡ್ಡ ಪೀಠ ತೀರ್ಮಾನಿಸಬೇಕು ಎಂಬ ಹಂತಕ್ಕೆ ಬಂತು. ಮಧ್ಯೆ ಕೆಲವು ಆರೋಪಿಗಳಿಗೆ ಅಲ್ಲಿ ಮಧ್ಯಂತರ ಜಾಮೀನೂ ಸಿಕ್ಕಿದೆ. ಅರ್ಜಿ ಹಾಕುವ ಮುನ್ನ ಈ ವಿಷಯ ಈಗ ಎಲ್ಲಿದೆ ಅಂತ ನಿಮ್ಮ ವಕೀಲರು ನೋಡಲೇಬೇಕು.

2023ರ ಏಪ್ರಿಲ್‌ನ ರೀತು ಛಾಬರಿಯಾ ತೀರ್ಪನ್ನು ತೋರಿಸಿ "ಅರ್ಧಂಬರ್ಧ ಚಾರ್ಜ್‌ಶೀಟ್ ಹಾಕಿ ಹಕ್ಕು ತಪ್ಪಿಸುವಂತಿಲ್ಲ" ಅನ್ನುವವರು ಬಹಳ. ಹುಷಾರು. ಆ ತೀರ್ಪನ್ನು ಆಧಾರ ಮಾಡಿಕೊಳ್ಳದೆ, ಸ್ವತಂತ್ರವಾಗಿ ಡೀಫಾಲ್ಟ್ ಬೇಲ್ ಅರ್ಜಿ ತೀರ್ಮಾನಿಸಬಹುದು ಎಂದು ಸುಪ್ರೀಂ ಕೋರ್ಟೇ ಅದೇ ವರ್ಷದ ಮೇ ತಿಂಗಳಲ್ಲಿ ಹೇಳಿದೆ. 2024ರ ಜನವರಿಯಲ್ಲಿ ಸಿಬಿಐನ ಒಂದು ಕೇಸಿನಲ್ಲಿ, ಮುಂದಿನ ತನಿಖೆ ಬಾಕಿ ಇದೆ ಎಂದ ಮಾತ್ರಕ್ಕೆ ಚಾರ್ಜ್‌ಶೀಟ್ ಅಪೂರ್ಣ ಆಗುವುದಿಲ್ಲ ಅಂತಲೂ ಹೇಳಿದೆ. ಎದುರಿನವರು ಇದನ್ನು ಓದಿಕೊಂಡೇ ಬಂದಿರುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ: ಕರ್ನಾಟಕದಲ್ಲಿ ವಿಚಾರಣಾ ಕೋರ್ಟಿನ ಮಟ್ಟದಲ್ಲಿ ಇದೊಂದನ್ನೇ ನಂಬಿ ಕೂರಬೇಡಿ. ಆದರೆ ಅರ್ಜಿ ಹಾಕದೆ ಬಿಡಲೂ ಬೇಡಿ. ನಾಳೆ ದೊಡ್ಡ ಪೀಠ ಆರೋಪಿಯ ಪರ ಹೇಳಿದರೆ, ಹೊತ್ತಿಗೆ ಸರಿಯಾಗಿ ಕೇಳಿದ್ದೆ ಎಂಬುದು ದಾಖಲೆಯಲ್ಲಿ ಇರಬೇಕು. ಲ್ಯಾಬ್ ವರದಿ ಕೋರ್ಟಿಗೆ ಬಂದ ಮೇಲೆ ಕೇಳಿದರೆ ಉಪಯೋಗ ಇಲ್ಲ.

ಹೆಜ್ಜೆ 5: ಅರ್ಜಿ ಹಾಕುವ ಬೆಳಿಗ್ಗೆ

ಒಂದು ದಿನದ ಕಥೆ ಹೇಳುತ್ತೇನೆ. ಚೆನ್ನೈನ ಕೇಸು. ಆರೋಪಿಗೆ ರಿಮಾಂಡ್ ಆಗಿದ್ದು 2018ರ ಆಗಸ್ಟ್ 4ರಂದು. 2019ರ ಫೆಬ್ರವರಿ 1ರ ಬೆಳಿಗ್ಗೆ 10:30ಕ್ಕೆ ಡೀಫಾಲ್ಟ್ ಬೇಲ್ ಅರ್ಜಿ ಬಿತ್ತು. ವಾದ ಆಯಿತು. ಅದೇ ದಿನ ಸಂಜೆ ನಾಲ್ಕರ ಮೇಲೆ ಡಿಆರ್‌ಐನವರು ಹೆಚ್ಚುವರಿ ದೂರು ತಂದು ಹಾಕಿದರು. (ಡಿಆರ್‌ಐ ಅಂದರೆ ಕೇಂದ್ರದ ಕಂದಾಯ ಗುಪ್ತಚರ ಸಂಸ್ಥೆ, ಎನ್‌ಸಿಬಿ ಅಂದರೆ ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ. ಇವರ ಕೇಸುಗಳಲ್ಲಿ ಚಾರ್ಜ್‌ಶೀಟಿನ ಜಾಗದಲ್ಲಿ ದೂರು ಇರುತ್ತದೆ.) ವಿಶೇಷ ಕೋರ್ಟ್ ಬೇಲ್ ಕೊಟ್ಟಿತು, ಮದ್ರಾಸ್ ಹೈಕೋರ್ಟ್ ರದ್ದು ಮಾಡಿತು. 2020ರ ಅಕ್ಟೋಬರ್ 26ರಂದು ಸುಪ್ರೀಂ ಕೋರ್ಟ್ ಮತ್ತೆ ಬೇಲ್ ಎತ್ತಿಹಿಡಿಯಿತು. ಅರ್ಜಿ ಮೊದಲು ಬಿದ್ದಿತ್ತು, ಹಕ್ಕು ಅಲ್ಲಿಗೆ ಗಟ್ಟಿಯಾಗಿತ್ತು, ಸಂಜೆ ಬಂದ ಕಾಗದ ಅದನ್ನು ಅಳಿಸುವುದಿಲ್ಲ ಎಂಬುದು ತೀರ್ಪು. ಎಂ. ರವೀಂದ್ರನ್ ಪ್ರಕರಣ ಎಂದೇ ಹೆಸರು. ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಮೋಹನ್ ಶಾಂತನಗೌಡರ್. ಡೀಫಾಲ್ಟ್ ಬೇಲ್ ಬಗ್ಗೆ ಒಂದೇ ತೀರ್ಪು ಓದುತ್ತೀನಿ ಅಂದರೆ ಇದನ್ನೇ ಓದಿ.

ಅಂದರೆ ಆಟ ಗಂಟೆಗಳದ್ದು. ಕೋರ್ಟ್ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಫೈಲಿಂಗ್ ಕೌಂಟರಿನಲ್ಲಿ ನಿಂತಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸಮಯ ಮೂರೂ ಬೇಕು. ಸಮಯ ಬರೆಯಲ್ಲ ಅಂದರೆ ವಿನಯವಾಗಿಯೇ ಒತ್ತಾಯ ಮಾಡಿ. ಆಗದಿದ್ದರೆ ನ್ಯಾಯಾಧೀಶರು ಕೂತ ಕೂಡಲೇ ಎದ್ದು ನಿಂತು ಹೇಳಿ, ಆರ್ಡರ್ ಶೀಟಿನಲ್ಲಿ ಬರೆಸಿ.

ಅರ್ಜಿ ಉದ್ದ ಬೇಡ. ಹೀಗಿದ್ದರೆ ಸಾಕು:

"ಆರೋಪಿಯನ್ನು 03-03-2025ರಂದು ಮೊದಲ ಬಾರಿಗೆ ರಿಮಾಂಡ್ ಮಾಡಲಾಗಿದೆ. ಆ ದಿನವೂ ಸೇರಿ 180 ದಿನಗಳು 29-08-2025ಕ್ಕೆ ಮುಗಿದಿವೆ. ಇಂದು 30-08-2025ರ ಬೆಳಿಗ್ಗೆ ಈ ಅರ್ಜಿ ಸಲ್ಲಿಸುವವರೆಗೆ ಅಂತಿಮ ವರದಿ ಸಲ್ಲಿಕೆಯಾಗಿಲ್ಲ. ಅವಧಿ ವಿಸ್ತರಣೆಯ ಆದೇಶವೂ ಇಲ್ಲ. ನ್ಯಾಯಾಲಯ ವಿಧಿಸುವ ಜಾಮೀನು ಒದಗಿಸಲು ಆರೋಪಿ ಸಿದ್ಧನಿದ್ದಾನೆ."

ಚಾರ್ಜ್‌ಶೀಟ್ ಬಂದಿದ್ದರೆ ನಡುವಿನ ಎರಡು ಸಾಲು ಬದಲಾಗುತ್ತವೆ: "ಇಂಥ ದಿನ ಸಲ್ಲಿಸಿದ ವರದಿಯಲ್ಲಿ ರಾಸಾಯನಿಕ ಪರೀಕ್ಷೆಯ ವರದಿ ಇಲ್ಲ, ಹಾಗಾಗಿ ಅದು ಕಾನೂನಿನ ದೃಷ್ಟಿಯಲ್ಲಿ ಪೂರ್ಣ ವರದಿ ಅಲ್ಲ." "ಜಾಮೀನು ಒದಗಿಸಲು ಸಿದ್ಧ" ಎಂಬ ಕೊನೆಯ ಸಾಲನ್ನು ಮಾತ್ರ ಯಾವತ್ತೂ ಮರೆಯಬೇಡಿ. ಹಕ್ಕು ಗಟ್ಟಿಯಾಗಲು ಕೇಳಿದ್ದೂ ಇರಬೇಕು, ಜಾಮೀನು ಕೊಡಲು ತಯಾರಿದ್ದದ್ದೂ ಇರಬೇಕು.

ಮೊದಲೇ ಹಾಕಿದ ಮಾಮೂಲಿ ಬೇಲ್ ಅರ್ಜಿ ಬಾಕಿ ಇದೆಯಲ್ಲ, ಅದು ಸಾಲದಾ? ಸಾಲದು ಅಂತಲೇ ತಿಳಿದು ಬೇರೆ ಅರ್ಜಿ ಹಾಕಿ. ಬಾಯಿಮಾತಿನಲ್ಲಿ ಕೇಳಿದರೂ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಆದರೆ ಬಾಯಿಮಾತಿಗೆ ಸೀಲು ಬೀಳುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಹೆಜ್ಜೆ 6: ಶ್ಯೂರಿಟಿ ಮುಂಚೆಯೇ ತಯಾರಿರಲಿ

ಬೇಲ್ ಆರ್ಡರ್ ಆಗಿಯೂ ಒಳಗೇ ಉಳಿದವರಿದ್ದಾರೆ. ಊರಿನ ಮಾವ ಬರುತ್ತೀನಿ ಅಂದವರು ಬರಲಿಲ್ಲ, ಪಹಣಿ ಹಳೆಯದಾಗಿತ್ತು, ಆಧಾರ್‌ನಲ್ಲಿ ಒಂದು ಹೆಸರು ಪಹಣಿಯಲ್ಲಿ ಇನ್ನೊಂದು. ಕೋರ್ಟ್ ಹೇಳಿದ ಸಮಯದೊಳಗೆ ಜಾಮೀನು ಕೊಡದೆ ಇದ್ದು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಹಕ್ಕು ಹೋಗುತ್ತದೆ. ಹಾಗಾಗಿ 175ನೇ ದಿನಕ್ಕೇ ಇಬ್ಬರು ಜಾಮೀನುದಾರರ ಕಾಗದ ಕೈಗೆ ಬಂದಿರಲಿ.

ಇಷ್ಟು ಲಕ್ಷ ಠೇವಣಿ ಇಟ್ಟರೆ ಮಾತ್ರ ಬಿಡುತ್ತೇವೆ ಎಂಬ ಷರತ್ತನ್ನು ಡೀಫಾಲ್ಟ್ ಬೇಲಿಗೆ ಹಾಕುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊರಗೆ ಬಂದ ಮೇಲೆ ಚಾರ್ಜ್‌ಶೀಟ್ ಬಂತು ಎಂಬ ಒಂದೇ ಕಾರಣಕ್ಕೆ ಬೇಲ್ ರದ್ದಾಗುವುದಿಲ್ಲ. ಆದರೆ ಆ ಚಾರ್ಜ್‌ಶೀಟಿನಲ್ಲಿ ಗಟ್ಟಿ ಕೇಸು ಕಂಡರೆ ರದ್ದು ಮಾಡಲು ಅವಕಾಶ ಇದೆ ಎಂದು 2023ರಲ್ಲಿ ತೀರ್ಪು ಬಂದಿದೆ. ಆದ್ದರಿಂದ ಹಾಜರಿ, ಸಹಿ, ಊರು ಬಿಡದಿರುವುದು ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿ.

ಕೋರ್ಟ್ ಆಗಲ್ಲ ಅಂದರೆ

ಆದೇಶದ ಪ್ರತಿ ತೆಗೆದುಕೊಂಡು ಬೇಗ ಹೈಕೋರ್ಟಿಗೆ ಹೋಗಿ. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರುತ್ತದೋ ಅಲ್ಲಿ ಕ್ರಿಮಿನಲ್ ಪಿಟಿಷನ್ ಹಾಕಬೇಕು. ಜೊತೆಗೆ ಮಾಮೂಲಿ ಬೇಲ್ ಅರ್ಜಿಯ ದಾರಿಯೂ ತೆರೆದಿರಲಿ. ಅಲ್ಲಿ 37ನೇ ಕಲಂ ಅಡ್ಡ ಬರುತ್ತದೆ ನಿಜ. ಆದರೂ ಲ್ಯಾಬ್ ವರದಿ ಇಲ್ಲ, ವಿಚಾರಣೆ ಶುರುವೇ ಆಗಿಲ್ಲ, ವರ್ಷಗಟ್ಟಲೆ ಒಳಗಿದ್ದಾನೆ ಎಂಬುದಕ್ಕೆ ಅಲ್ಲಿ ಬೆಲೆ ಇದೆ. ವಿಚಾರಣೆ ಮಿತಿಮೀರಿ ತಡವಾದರೆ 37 ಇದ್ದರೂ ಬೇಲ್ ಕೊಡಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ.

ಒಂದಲ್ಲ ಒಂದು ದಿನ ಎಫ್‌ಎಸ್‌ಎಲ್ ವರದಿ ಬಂದೇ ಬರುತ್ತದೆ. ಆಗ ಮೊದಲು ಫಲಿತಾಂಶದ ಸಾಲು ಓದಬೇಡಿ. ಸೀಲಿನ ಮಾದರಿ ಮಹಜರಿನಲ್ಲಿ ಇರುವುದಕ್ಕೆ ಹೊಂದುತ್ತದಾ, ಪೊಟ್ಟಣದ ನಂಬರು ಅದೇನಾ, ತೂಕ ಅದೇನಾ ಅಂತ ನೋಡಿ. ಅನುಮಾನ ಇದ್ದರೆ ಮರುಪರೀಕ್ಷೆ ಕೇಳಬಹುದು. ಆದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅದಕ್ಕೆ ವಿಶೇಷ ಕಾರಣ ಬೇಕು, ವರದಿ ಸಿಕ್ಕ 15 ದಿನದೊಳಗೆ ಕೇಳಬೇಕು. ಪ್ರತಿ ಕೈಗೆ ಬಂದ ದಿನವನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.